ಎಡಗಡೆಯ ಕಿಟಕಿ

ತನ್ನ ಮುಖವನ್ನು ದೊರೆ ಅಷ್ಟು ದೊಡ್ಡದಾಗಿ ಎಂದೂ ನೋಡಿರಲಿಲ್ಲ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಾಣುವುದು ಕೆನ್ನೆ ಮತ್ತು ಗದ್ದ, ಅದೂ ಸೋಪಿನ ನೊರೆಯಲ್ಲಿ. ಇಲ್ಲಿ ಗೋಡೆಯ ಮೇಲಿನ ಪರದೆಯ ತುಂಬ ಅವನೇ ಇದ್ದ. ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತಿದ್ದವನು ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿ, ಕತ್ತು ಬಗ್ಗಿಸಿ ಎತ್ತಲೋ ಮೇಲೆ ನೋಡಿ, ಕೈ ಎತ್ತಿ ನಕ್ಕ. ಸಣ್ಣ ನಗುವಲ್ಲ, ಹಿಂದಿನ ಹಲ್ಲುಗಳೂ ಕಾಣುವಂಥ ನಗು.

"ಇದು ಸೋಮವಾರದ್ದು," ಎಂದರು ಕ್ಯಾಮೆರಾ ಮೇಡಂ, ಮೌಸ್ ಒತ್ತುತ್ತ. "ಇದು ಮಂಗಳವಾರ. ಇದು ನಿನ್ನೆ."

ಅಂಗಿ ಬೇರೆ ಬೇರೆ, ನಗು ಮಾತ್ರ ಒಂದೇ. ನಗುವಿನ ಬೆನ್ನಿಗೇ ಯಂತ್ರದ ಹೆಣ್ಣುದನಿ ಬರುತ್ತಿತ್ತು: "ದಯವಿಟ್ಟು ರಸ್ತೆಯ ಕಡೆ ಗಮನ ಕೊಡಿ." ಪರದೆಯ ಮೇಲಿನ ದೊರೆ ಸಿಕ್ಕಿಬಿದ್ದ ಕಳ್ಳನ ಹಾಗೆ ಬೆಚ್ಚಿ ಮುಂದಕ್ಕೆ ತಿರುಗುತ್ತಿದ್ದ. ಕುರ್ಚಿಯಲ್ಲಿ ಕೂತ ದೊರೆಗೆ ಕಿವಿ ಬಿಸಿಯಾಯಿತು. ಮಗಳನ್ನು ಮದುವೆ ಮಾಡಿ ಕಳಿಸಿದ ಗಂಡಸು, ನಾಲ್ಕು ಜನ ಅಣ್ಣಾ ಎನ್ನುವ ಹಿರಿಯ ಚಾಲಕ, ಹೀಗೆ ಹಲ್ಲು ಬಿಟ್ಟುಕೊಂಡು ಕಾಣುವುದೆಂದರೇನು?

ಅವನನ್ನು ದೊರೆ ಎಂದು ಕರೆದವರು ಜೊತೆಯ ಚಾಲಕರು. ಡಕೋಟಾ ವ್ಯಾನಿನಲ್ಲೂ ಬೆನ್ನು ಸೀಟಿಗೆ ತಾಗಿಸದೆ ಸಿಂಹಾಸನದಲ್ಲಿ ಕೂತಂತೆ ಕೂರುತ್ತಾನೆಂದು ಇಟ್ಟ ಹೆಸರು, ಆಮೇಲೆ ಆಫೀಸಿನವರ ಬಾಯಲ್ಲೂ ಅದೇ ನಿಂತುಹೋಯಿತು. ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಕೊಡುವ ಕಂಪನಿ ಅದು. ಬೆಳಿಗ್ಗೆ ಇಸ್ತ್ರಿಯಾದ ಬಿಳಿ ಗಂಟುಗಳನ್ನು ಒಯ್ದು ಇಳಿಸುವುದು, ಕೊಳೆ ಬಟ್ಟೆಯ ಚೀಲಗಳನ್ನು ಹೇರಿಕೊಂಡು ಬರುವುದು. ಬಿಳಿ ವ್ಯಾನು, ಹೊಟ್ಟೆಗೆ ಅಗಲವಾದ ಹಸಿರು ಪಟ್ಟಿ. ಒಳಗೆ ಹತ್ತಿದರೆ ಬ್ಲೀಚಿಂಗ್ ಪೌಡರಿನ ವಾಸನೆ. ಈಚೆಗೆ ಎಲ್ಲ ವ್ಯಾನುಗಳ ಮುಂಗಾಜಿಗೂ ಒಂದೊಂದು ಕ್ಯಾಮೆರಾ ಅಂಟಿಸಿದ್ದರು. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಕಣ್ಣು ಚಾಲಕನ ಮೇಲೆ. ಆಕಳಿಸಿದರೆ ಮಾತಾಡುತ್ತದೆ, ಫೋನ್ ಮುಟ್ಟಿದರೆ ಮಾತಾಡುತ್ತದೆ, ಸುಮ್ಮನೆ ತಲೆ ಕೆರೆದುಕೊಂಡರೂ ಏನಾದರೊಂದು ಅನ್ನುತ್ತದೆ. ಚಾಲಕರು ಅದಕ್ಕೆ 'ಅತ್ತೆ' ಎಂದು ನಾಮಕರಣ ಮಾಡಿದ್ದರು. "ನಮ್ಮತ್ತೆ ಇವತ್ತು ಎರಡು ಸಲ ಗದರಿದ್ಲು," ಎಂದು ಸಂಜೆ ಒಬ್ಬರಿಗೊಬ್ಬರು ವರದಿ ಒಪ್ಪಿಸಿಕೊಂಡು ನಗುತ್ತಿದ್ದರು. ಅತ್ತೆ ಆಡಿದ ಚಾಡಿಯೆಲ್ಲ ಬಂದು ಬೀಳುತ್ತಿದ್ದುದು ಮಾತ್ರ ಈ ರೂಮಿಗೆ, ಈ ಮೇಡಂ ಮುಂದೆ.

"ದಿನಾ ಅದೇ ತಿರುವು. ಏನಿದೆ ಅಲ್ಲಿ?" ಮೇಡಂ ಕೇಳಿದರು. ಗದರಲಿಲ್ಲ. ಗದರಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಏನಿಲ್ಲ ಮೇಡಂ."

"ಸರಿ, ಇದನ್ನ ನೋಡಿ. ಅದೇ ಹೊತ್ತಿಗೆ ಮುಂದಿನ ಕ್ಯಾಮೆರಾ ನೋಡಿದ್ದು."

ರಸ್ತೆ ಕಾಣಿಸಿತು. ತಿರುವಿನ ಹತ್ತಿರ ಫುಟ್‌ಪಾತಿನ ಮೇಲೆ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ನಿಂತಿದ್ದಳು. ಮಗು ಕೈ ಕೊಸರಿಕೊಂಡು ಒಂದು ಹೆಜ್ಜೆ ಕೆಳಗಿಟ್ಟಿತು. ಹೆಂಗಸು ಅದರ ತೋಳು ಹಿಡಿದು ಹಿಂದಕ್ಕೆ ಜಗ್ಗಿದಳು. ವ್ಯಾನು ಅವರ ಪಕ್ಕದಲ್ಲೇ ಹಾದುಹೋಯಿತು. ಆ ಹೆಂಗಸನ್ನಾಗಲಿ ಮಗುವನ್ನಾಗಲಿ ತಾನು ಕಂಡೇ ಇಲ್ಲವೆಂದು ದೊರೆಗೆ ಆಗ ಗೊತ್ತಾಯಿತು. ಇಷ್ಟು ವರ್ಷದ ಚಾಕರಿಯಲ್ಲಿ ಒಂದು ನಾಯಿಗೂ ಗಾಡಿ ತಾಗಿಸದವನು ಅವನು.

"ನಾನು ನಿಮ್ಮ ಮೇಲೆ ಕಂಪ್ಲೇಂಟ್ ಮಾಡ್ತಿಲ್ಲ. ಯಾಕೆ ಅಂತ ಹೇಳಿ, ಸಾಕು."

ಹೇಳಬಹುದಿತ್ತು. ಆದರೆ ಈ ಕಂಪನಿಯಲ್ಲಿ ಒಂದು ಕಟ್ಟಳೆಯಿತ್ತು: ಚಾಲಕನ ದಾರಿಯಲ್ಲಿ ಅವನ ನೆಂಟರ ಮನೆ ಇರಬಾರದು. ಹಿಂದೊಬ್ಬ ಮಹಾರಾಯ ವ್ಯಾನನ್ನು ಮಾವನ ಮನೆಯ ಮುಂದೆ ನಿಲ್ಲಿಸಿ, ಉಂಡು, ಮಲಗಿ, ಗೊರಕೆ ಹೊಡೆದಿದ್ದ. ಅತ್ತ ಆಪರೇಷನ್ ಥಿಯೇಟರಿನಲ್ಲಿ ಹಾಸಲು ಬಟ್ಟೆಯಿಲ್ಲದೆ ಡಾಕ್ಟರು ಕೈ ತೊಳೆದುಕೊಂಡು ಕಾದಿದ್ದರು. ಅಂದಿನಿಂದ ನೆಂಟರ ಮನೆ ಇರುವ ದಾರಿ ಗೊತ್ತಾದರೆ ಚಾಲಕನನ್ನು ಬೇರೆ ದಾರಿಗೆ ಹಾಕುತ್ತಿದ್ದರು, ಮತ್ತೆ ಈ ಕಡೆಗೆ ತರುತ್ತಿರಲಿಲ್ಲ. ಈ ದಾರಿ ಸಿಕ್ಕಾಗ ದೊರೆ ತುಟಿ ಪಿಟಿಕ್ಕೆನ್ನದೆ ಒಪ್ಪಿಕೊಂಡಿದ್ದ. ಆ ತಿರುವಿನಲ್ಲಿರುವ ಅಣ್ಣನ ಮನೆ ಈಗ ನೆಂಟರ ಮನೆಯೂ ಅಲ್ಲವಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದ.

"ಕತ್ತು ಹಿಡಿದಿದೆ ಮೇಡಂ," ಎಂದ. "ಆ ತಿರುವಲ್ಲಿ ಸ್ಟೀರಿಂಗ್ ಎಳೆಯೋವಾಗ ಒಂಥರಾ ಚಳುಕು ಬರುತ್ತೆ. ಹಾಗಾಗಿ ಸ್ವಲ್ಪ ತಿರುಗಿಸಿ ಸರಿ ಮಾಡ್ಕೋತೀನಿ."

"ಮತ್ತೆ ಕೈ ಎತ್ತಿ ನಗೋದು?"

"ಕೈ ತಾನಾಗೇ ಏಳುತ್ತೆ. ಅದು ನಗು ಅಲ್ಲ ಮೇಡಂ. ನೋವು."

ಮೇಡಂ ಪರದೆಯನ್ನೂ ಅವನನ್ನೂ ಒಮ್ಮೆ ನೋಡಿದರು. ಅವರ ಮುಖದಲ್ಲಿ ಮರುಕ ಮೂಡಿತು. ನಂಬಿಬಿಟ್ಟರು.

ಆ ತಿರುವಿನಲ್ಲಿ ಇದ್ದವಳು ಅವನ ಅಮ್ಮ. ಅಪ್ಪ ತೀರಿಕೊಂಡಾಗ ದೊರೆ ಲಾರಿಯ ಮೇಲಿದ್ದ, ಎಲ್ಲೋ ದೂರದಲ್ಲಿ ಲೋಡ್ ಇಳಿಸುತ್ತಿದ್ದ. ಬಿದ್ದೆನೋ ಕೆಟ್ಟೆನೋ ಎಂದು ಓಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಿಂತಿದ್ದ ಅಣ್ಣ ಕೂಡಿದ್ದ ಜನರ ಮುಂದೆ, "ಬಂದ್ರಾ ಸಾಹೇಬ್ರು? ನಿಂಗೆ ಅಪ್ಪ ಅಮ್ಮ ಎಲ್ಲ ಸ್ಟೀರಿಂಗೇ ಅಲ್ವಾ, ಹೋಗು, ಅದರ ಜೊತೇನೇ ಇರು," ಎಂದ. ದುಃಖದಲ್ಲಿದ್ದವನ ಮಾತೆಂದು ನುಂಗಿಕೊಳ್ಳಬಹುದಿತ್ತು. ದೊರೆ ನುಂಗಲಿಲ್ಲ. ಕೈ ಎತ್ತಿದ. ಎತ್ತಿದ ಕೈ ಅಣ್ಣನ ಕೆನ್ನೆಗೆ ಬಿತ್ತು, ಅಣ್ಣನ ಬೆಳೆದ ಮಕ್ಕಳ ಕಣ್ಣೆದುರೇ. ಅಂದು ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. ಆ ಹೊಡೆತದ ಸದ್ದು ಈಗಲೂ ಊಟಕ್ಕೆ ಕೂತಾಗ ಅವನ ಕಿವಿಗೆ ಬೀಳುತ್ತದೆ.

ಅಮ್ಮ ಅಣ್ಣನ ಮನೆಯಲ್ಲಿ, ಮೊದಲನೇ ಮಹಡಿಯಲ್ಲಿ. ಅವಳಿಗೆ ಮಂಡಿ ಹೋಗಿದೆ, ಮೆಟ್ಟಿಲು ಇಳಿಯಲಾರಳು. ಅವನಿಗೆ ಮೆಟ್ಟಿಲು ಹತ್ತುವ ಹಾಗಿಲ್ಲ. ಫೋನ್ ಮಾಡೋಣವೆಂದರೆ ಅವಳಿಗೆ ಕಿವಿ ಪೂರ್ತಿ ಮಂದ. ಬೀದಿಯಲ್ಲಿ ನಿಂತು ನೋಡೋಣವೆಂದು ಒಮ್ಮೆ ಹೋಗಿದ್ದ. ಅತ್ತಿಗೆ ಬಂದು ಕಿಟಕಿಯ ಪರದೆ ಎಳೆದಳು. ಹೀಗಿರುವಾಗ ಈ ದಾರಿ ಸಿಕ್ಕಿತು. ಮೊದಲ ದಿನ ತಿರುವಿನಲ್ಲಿ ಕಿಟಕಿಯ ಬಳಿ ಬಿಸಿಲು ಕಾಯಿಸುತ್ತ ಕೂತ ಅಮ್ಮ ಕಂಡಾಗ ದೊರೆ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು ಅರ್ಧ ಇಳಿದು ಕೈ ಎತ್ತಿದ್ದ. ಅವಳು ಹುಬ್ಬಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಕಣ್ಣಿನಲ್ಲಿ ಪೊರೆ. ಆದರೂ ಗುರುತು ಹಿಡಿದು ಕೈ ಎತ್ತಿದಳು. ಅವತ್ತು ಆಸ್ಪತ್ರೆಯ ಹಿಂಬಾಗಿಲಲ್ಲಿ ವ್ಯಾನ್ ನಿಲ್ಲಿಸಿ, ಗಂಟು ಇಳಿಸುವವರು ಬರುವವರೆಗೂ ದೊರೆ ಒಳಗೇ ಕೂತು ಅತ್ತ. ಆಮೇಲೆ ಗಾಡಿ ನಿಲ್ಲಿಸುವ ಅಗತ್ಯ ಬೀಳಲಿಲ್ಲ. ಹಸಿರು ಪಟ್ಟಿಯ ವ್ಯಾನೆಂದರೆ ತನ್ನ ಕಿರಿಮಗನೆಂದು ಅವಳಿಗೆ ಗೊತ್ತು. ಅವಳು ಕೈ ಬೀಸುತ್ತಾಳೆ, ಇವನು ಕೈ ಬೀಸುತ್ತಾನೆ, ವ್ಯಾನು ತಿರುಗುತ್ತದೆ. ಒಳಗೆ ಓಡಾಡುವ ಅತ್ತಿಗೆಗೂ ತಿಳಿಯದ ವ್ಯವಹಾರ. ಅಷ್ಟಾದರೆ ಆ ದಿನ ಅವನಿಗೆ ಅನ್ನ ಮೈಗೆ ಹತ್ತುತ್ತಿತ್ತು.

ಕ್ಯಾಮೆರಾ ಬಂದ ಮೇಲೆ ಅವನು ಸುಮ್ಮನೇನೂ ಇರಲಿಲ್ಲ. ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿ ನೋಡಿದ. ಅತ್ತೆಗೆ ಅದೂ ಗೊತ್ತಾಯಿತು. ಕಪ್ಪು ಕನ್ನಡಕ ಹಾಕಿದ. "ನಿಮ್ಮ ಕಣ್ಣು ಕಾಣಿಸುತ್ತಿಲ್ಲ," ಎಂದು ದಾರಿಯುದ್ದಕ್ಕೂ ಗೊಣಗಿತು. ಕೊನೆಗೆ, ಗದರಿದರೆ ಗದರಲಿ ಎಂದು ಬಿಟ್ಟುಬಿಟ್ಟಿದ್ದ. ಈಗ ಬಾಯಿಗೆ ಬಂದದ್ದು ಹೇಳಿ ದಾರಿ ಉಳಿಸಿಕೊಂಡೆನೆಂದು ಮೇಡಂ ರೂಮಿನಿಂದ ಹಗುರಾಗಿ ಹೊರಬಂದ. ಇನ್ನು ಮೇಲೆ ಆ ತಿರುವಿಗೆ ಮೊದಲು ಗಾಡಿಯನ್ನು ಪೂರ್ತಿ ನಿಧಾನಿಸಬೇಕು, ಮಕ್ಕಳು ಮರಿ ಇದ್ದಾರೆಯೇ ಎಂದು ನೋಡಿಕೊಂಡೇ ಕೈ ಎತ್ತಬೇಕು ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ.

ಮರುದಿನ ಕಂಪನಿಯ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿದರು. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು.

"ಇಲ್ಲಿ ನೋಡಿ. ಸವೆದಿದೆ. ನೋವು ಬರದೆ ಇನ್ನೇನಾಗುತ್ತೆ?"

"ಅಂಥ ನೋವೇನಿಲ್ಲ ಡಾಕ್ಟ್ರೇ."

"ಮೂಳೆ ಸುಳ್ಳು ಹೇಳಲ್ಲ ಕಣ್ರೀ. ಈ ಕತ್ತು ಇಟ್ಕೊಂಡು ಗಾಡಿ ಓಡಿಸ್ತೀನಿ ಅಂತೀರಲ್ಲ!"

ಸುಳ್ಳು ಹೇಳಿದ ಕತ್ತಿನಲ್ಲಿ ನಿಜವಾಗಿಯೇ ಸವೆತ ಸಿಕ್ಕಿತು. ಇಷ್ಟು ವರ್ಷ ಗಾಡಿ ಓಡಿಸಿದ ಯಾವ ಕತ್ತಿನಲ್ಲೂ ಅದು ಸಿಗುತ್ತಿತ್ತೋ ಏನೋ. ದೊಡ್ಡ ಡಾಕ್ಟರು ನೋಡಿ ಸರಿಯಿದೆ ಎನ್ನುವವರೆಗೂ ಸ್ಟೀರಿಂಗ್ ಮುಟ್ಟುವ ಹಾಗಿಲ್ಲವೆಂದು ಬರೆದುಕೊಟ್ಟರು. ದೊಡ್ಡ ಡಾಕ್ಟರು ರಜೆಯ ಮೇಲಿದ್ದರು, ಯಾವಾಗ ಬರುತ್ತಾರೆಂದು ಅವರ ಕಾಂಪೌಂಡರಿಗೂ ಗೊತ್ತಿರಲಿಲ್ಲ. ದೊರೆ ಮೇಡಂ ಹತ್ತಿರ ಓಡಿದ.

"ಮೇಡಂ, ನನ್ನ ಕತ್ತು ಚೆನ್ನಾಗಿದೆ. ನೋವು ಗೀವು ಏನಿಲ್ಲ. ನಾನು ಸುಳ್ಳು ಹೇಳ್ದೆ."

ಮೇಡಂ ನಕ್ಕರು. "ಗಾಡಿಯಿಂದ ಇಳಿಸಿದ ಮೇಲೆ ಎಲ್ಲರೂ ಹೀಗೇ ಹೇಳ್ತಾರೆ. ನಮ್ಮಪ್ಪನೂ ಡ್ರೈವರ್ರೇ, ನಂಗೊತ್ತು. ಹೆದರಬೇಡಿ, ನಿಮ್ಮ ದಾರಿ ನಿಮಗೇ ಇರುತ್ತೆ. ಅಲ್ಲೀವರೆಗೂ ಇಲ್ಲೇ ನನ್ನ ಜೊತೆ ಕೂತ್ಕೊಳ್ಳಿ. ಅಲರ್ಟು ನೋಡೋಕೆ ನನಗೂ ಒಬ್ಬರು ಬೇಕು."

ಸುಳ್ಳನ್ನು ಥಟ್ಟನೆ ನಂಬಿದವರು ನಿಜವನ್ನು ನಂಬಲಿಲ್ಲ. ಯಾವುದಕ್ಕೂ ಅವರನ್ನು ಬೈಯುವ ಹಾಗಿರಲಿಲ್ಲ, ಅದೇ ಕಷ್ಟ. ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಕತ್ತಿಗೇನು ಧಾಡಿಯಾಗಿತ್ರೀ ನಿಮಗೆ? ಹೇಳೋಕೆ ಬೇರೆ ಸುಳ್ಳು ಸಿಗಲಿಲ್ವಾ? ಸೊಳ್ಳೆ ಕಚ್ತು ಅಂದಿದ್ರೂ ಆಗ್ತಿತ್ತು!" ಆಮೇಲೆ ದನಿ ತಗ್ಗಿಸಿ, "ಹೋಗಿ ನಿಮ್ಮಣ್ಣನ ಕಾಲು ಹಿಡೀರಿ. ನಾನೂ ಬರ್ತೀನಿ," ಎಂದಳು.

"ಕಾಲು ಹಿಡಿಯೋದಕ್ಕೆ ಬಾಗಿಲು ತೆಗೀಬೇಕಲ್ಲೇ," ಎಂದ ದೊರೆ.

ಕ್ಯಾಮೆರಾ ರೂಮಿನ ಕೆಲಸವೆಂದರೆ ಕೂತು ನೋಡುವುದು. ಅತ್ತೆ ಗದರಿದಾಗಲೆಲ್ಲ ಒಂದು ಸಣ್ಣ ಕ್ಲಿಪ್ ಬಂದು ಬೀಳುತ್ತದೆ. ತಪ್ಪು ನಿಜವಾದರೆ ಕೆಂಪು ಗುಂಡಿ, ಯಂತ್ರದ ಎಡವಟ್ಟಾದರೆ ಹಸಿರು ಗುಂಡಿ. ಕೆಂಪು ಒತ್ತಿದರೆ ಚಾಲಕನ ಅಂಕ ಇಳಿಯುತ್ತದೆ. ಜೊತೆಯವರು ಆಕಳಿಸುವುದನ್ನು, ಮೂಗಿಗೆ ಬೆರಳಿಡುವುದನ್ನು, ಸಿಗ್ನಲಿನಲ್ಲಿ ಕನ್ನಡಿ ನೋಡಿ ತಲೆ ಬಾಚುವುದನ್ನು ನೋಡುತ್ತ ಕೂರಲು ದೊರೆಗೆ ನಾಚಿಕೆಯಾಗುತ್ತಿತ್ತು, ಕದ್ದು ಕಿಟಕಿಯೊಳಗೆ ಇಣುಕಿದಂತೆ.

ಅವನ ವ್ಯಾನಿಗೆ, ಎಲ್ಲರೂ ರೇಡಿಯೋ ಎಂದು ಕರೆಯುವ ಚಾಲಕನನ್ನು ಹಾಕಿದ್ದರು. ಬಾಯಿಗೆ ಬಿಡುವೇ ಇಲ್ಲದವನು, ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದವನು, ಒಳ್ಳೆಯವನು. ಮೊದಲ ಕೆಲವು ದಿನ ಆ ತಿರುವಿನಿಂದ ಯಾವ ಕ್ಲಿಪ್ಪೂ ಬರಲಿಲ್ಲ. ಅಮ್ಮ ಕೈ ಎತ್ತಿಯೇ ಇರುತ್ತಾಳೆ, ವ್ಯಾನು ನೋಡದೆ ಹೋಗಿರುತ್ತದೆ ಎಂದು ನೆನೆದು ದೊರೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಕ್ಲಿಪ್ ಬಂತು. ಪರದೆಯ ಮೇಲೆ ರೇಡಿಯೋ ಹಾಡಿಕೊಳ್ಳುತ್ತ ಬರುತ್ತಿದ್ದ. ತಿರುವಿನಲ್ಲಿ ಎಡಕ್ಕೆ ನೋಡಿ ಹಾಡು ನಿಲ್ಲಿಸಿದ. ಮರುದಿನವೂ ನೋಡಿದ. ಅದರ ಮರುದಿನ ಕೈ ಎತ್ತಿ ಬೀಸಿ ಅಗಲವಾಗಿ ನಕ್ಕ.

ದೊರೆ ಮುಂದಿನ ಕ್ಯಾಮೆರಾದ ಚಿತ್ರ ತೆರೆದ. ಅಲ್ಲಿದ್ದಳು ಅಮ್ಮ. ಗಾಡಿ ಓಡಿಸುವಾಗ ಕಾಣುತ್ತಿದ್ದುದು ಒಂದು ತಲೆ, ಒಂದು ಕೈ. ಇಲ್ಲಿ ಚಿತ್ರವನ್ನು ನಿಲ್ಲಿಸಬಹುದಿತ್ತು, ದೊಡ್ಡದು ಮಾಡಬಹುದಿತ್ತು. ಹೆಗಲ ಮೇಲೆ ಮಾಸಿದ ಶಾಲು, ಒಂದು ಕೈ ಕಿಟಕಿಯ ಸರಳಿನ ಮೇಲೆ. ಎಷ್ಟು ಇಳಿದುಹೋಗಿದ್ದಾಳೆ! ಮೊದಲು ಬೀಸುವಾಗ ಅವಳ ಮುಖದಲ್ಲಿ ಒಂದು ಅನುಮಾನವಿತ್ತು; ರೇಡಿಯೋನ ಕೈ ಮೇಲೇರಿದ ಗಳಿಗೆಯಲ್ಲಿ ಆ ಮುಖ ಬಿಚ್ಚಿಕೊಂಡಿತು. ಹಸಿರು ಪಟ್ಟಿಯ ವ್ಯಾನು, ಗಾಜಿನ ಹಿಂದೆ ಒಂದು ಕೈ. ಅವಳಿಗೆ ಅದು ಮಗನೇ. ದೊರೆಗೆ ಹೊಟ್ಟೆಕಿಚ್ಚಾಯಿತು, ಅದರ ಬೆನ್ನಿಗೇ ರೇಡಿಯೋನನ್ನು ತಬ್ಬಿಕೊಳ್ಳಬೇಕೆನಿಸಿತು. ಹಸಿರು ಗುಂಡಿ ಒತ್ತಿದ. ಮರುದಿನವೂ ಹಸಿರು, ಅದರ ಮರುದಿನವೂ.

ಮೇಡಂ ಆಗಾಗ ಅವನು ಒತ್ತಿದ್ದನ್ನು ಮತ್ತೆ ತೆಗೆದು ನೋಡುತ್ತಿದ್ದರು, ಅದು ಅವರ ಕೆಲಸ. ಒಂದು ದಿನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಗೆಳೆಯರನ್ನ ಕಾಪಾಡ್ಬೇಕು ಅನ್ಸೋದು ತಪ್ಪಲ್ಲ. ಆದ್ರೆ ಅದೇ ತಿರುವು, ದೊರೆ. ಆ ಮಗು ನಿಮಗೆ ನೆನಪಿದೆ ತಾನೇ?"

ನೆನಪಿಲ್ಲದೆ ಏನು? ಎಷ್ಟೋ ಸಲ ಆ ಮಗು ಕನಸಿನಲ್ಲಿ ಇನ್ನೊಂದು ಹೆಜ್ಜೆ ಕೆಳಗಿಟ್ಟಿತ್ತು.

"ನೀವೇ ಫೋನ್ ಮಾಡಿ ಹೇಳಿ," ಎಂದರು ಮೇಡಂ. "ನನ್ನ ಮಾತಾದ್ರೆ ಆಫೀಸಿನ ಮಾತು. ನೀವು ಹೇಳಿದ್ರೆ ಕೇಳ್ತಾರೆ." ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಓಹೋ, ದೊರೆಗಳು!" ರೇಡಿಯೋನ ದನಿ ರೂಮು ತುಂಬಿತು. "ಏನಪ್ಪ, ತಣ್ಣನೆ ರೂಮಲ್ಲಿ ಕೂತು ನಮ್ಮ ಮೂಗು ಬಾಯಿ ನೋಡೋ ಕೆಲಸ ಹೇಗಿದೆ?"

"ಗಾಡಿ ನಿಂತಿದೆಯಾ?"

"ನಿಂತಿದೆ ಹೇಳು, ಗಂಟು ಇಳಿಸ್ತಿದಾರೆ."

"ಆ ಮೂಲೆ ತಿರುವಲ್ಲಿ ದಿನಾ ಎಡಕ್ಕೆ ನೋಡ್ತಿದೀಯ."

"ಅದಾ! ಅಲ್ಲೊಬ್ರು ಅಜ್ಜಿ ಇದಾರೆ ಕಣೋ, ಮೇಲಿನ ಕಿಟಕೀಲಿ. ನಮ್ಮ ಗಾಡಿ ಕಂಡ್ರೆ ಸಾಕು, ಕೈ ಬೀಸ್ತಾರೆ. ಮೊದಲು ಯಾರೋ ತಲೆ ಕೆಟ್ಟೋರು ಅಂದ್ಕೊಂಡೆ. ಒಂದಿನ ಸುಮ್ನೆ ನಾನೂ ಬೀಸಿದೆ ನೋಡು, ಅಬ್ಬಬ್ಬ, ಏನು ಖುಷಿ ಅಂತೀಯ! ಯಾರಿಗೆ ಕಾಯ್ತಿದಾರೋ ಪಾಪ." ಉಸಿರು ತೆಗೆದುಕೊಳ್ಳಲು ಒಂದು ಚಣ ನಿಂತ. "ಅಲ್ಲ, ಅದು ನಿನ್ನ ದಾರಿ ಅಲ್ವಾ? ಆ ಅಜ್ಜಿ ನಿಂಗೆ ಗೊತ್ತಿರ್ಬೇಕಲ್ಲ?"

ಮೇಡಂ ಅವನನ್ನೇ ನೋಡುತ್ತಿದ್ದರು. ಗೊತ್ತು ಎಂದರೆ ಯಾರು ಎನ್ನುತ್ತಾರೆ. ಯಾರು ಎಂದು ಹೇಳಿದರೆ ದಾರಿ ಹೋಯಿತು, ಇಂದಿಗೂ ಹೋಯಿತು, ಕತ್ತು ಸರಿಯಿದೆಯೆಂದು ದೊಡ್ಡ ಡಾಕ್ಟರು ಹೇಳಿದ ಮೇಲೂ ಹೋಯಿತು.

"ಗೊತ್ತಿಲ್ಲ," ಎಂದ.

ಮೇಡಂ ಅದನ್ನೂ ನಂಬಿ ಕೈಸನ್ನೆ ಮಾಡಿದರು, ಮುಂದೆ ಹೇಳಿ ಎಂದು.

"ಅಜ್ಜಿ ಇರ್ಲಿ, ಯಾರಾದ್ರೂ ಇರ್ಲಿ. ಅಲ್ಲಿ ಮಕ್ಕಳು ಓಡಾಡ್ತಾವೆ. ಮುಂದೆ ನೋಡಿ ಓಡಿಸು. ಕೈ ಸ್ಟೀರಿಂಗ್ ಮೇಲೇ ಇರ್ಲಿ."

"ಪಾಪ ಅಲ್ವೇನೋ…"

"ಇನ್ನೊಂದು ಸಲ ಬಂದ್ರೆ ನಿನ್ನನ್ನೂ ಗಾಡಿಯಿಂದ ಇಳಿಸ್ತಾರೆ."

"ಆಯ್ತಪ್ಪ," ಎಂದ ರೇಡಿಯೋ, "ನೀನು ಹೇಳಿದ್ಮೇಲೆ ಮುಗೀತು. ನೋಡಲ್ಲ."

"ಚೆನ್ನಾಗಿ ಹೇಳಿದ್ರಿ," ಎಂದರು ಮೇಡಂ, ಮನಸ್ಸಿನಿಂದಲೇ.

ಆ ಸಂಜೆ ಹೆಂಡತಿಗೂ ತಿಳಿಸದೆ ದೊರೆ ಅಣ್ಣನ ಮನೆಯ ಮೆಟ್ಟಿಲು ಹತ್ತಿದ. ಕಾಲುಗಳು ತಾವಾಗಿಯೇ ಸದ್ದು ಮಾಡದೆ ನಡೆದವು. ಕರೆಗಂಟೆ ಒತ್ತಿದ. ಬಾಗಿಲು ಅಂಗೈಯಗಲ ತೆರೆಯಿತು, ಅಣ್ಣನ ಮುಖ ಕಂಡಿತು. ಕೂದಲು ಪೂರ್ತಿ ನರೆತಿತ್ತು, ಅಪ್ಪನೇ ಎದ್ದು ಬಂದಂತಿದ್ದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ದೊರೆಗೆ ಮರೆತುಹೋಯಿತು.

"ಅಣ್ಣಾ, ತಪ್ಪಾಯ್ತು. ಅಮ್ಮನ್ನ ಒಂದೇ ಒಂದು ಸಲ…"

ಅಣ್ಣ ಬೈಯಲಿಲ್ಲ. ಅವನ ಕೈ ತನ್ನಷ್ಟಕ್ಕೇ ಎದ್ದು ಕೆನ್ನೆಯನ್ನು ಮುಟ್ಟಿಕೊಂಡಿತು. ಬಾಗಿಲು ಮುಚ್ಚಿತು, ಮೆಲ್ಲಗೆ, ಚಿಲಕದ ಸದ್ದಿನೊಂದಿಗೆ.

"ಅಮ್ಮಾ!" ಎಂದು ದೊರೆ ಕೂಗಿದ. ಇನ್ನೂ ಗಟ್ಟಿಯಾಗಿ ಕೂಗಿದ. ಪಕ್ಕದ ಮನೆಯ ಬಾಗಿಲು ತೆರೆದು ಯಾರೋ ಇಣುಕಿದರು. ಒಳಗೆ ಎಲ್ಲೋ ಪಾತ್ರೆ ತೊಳೆಯುವ ಸದ್ದು, ಟೀವಿಯ ಸದ್ದು. ಅವಳಿಗೆ ಮಾತ್ರ ಯಾವುದೂ ಕೇಳುವಂತಿರಲಿಲ್ಲ. ಅವಳಿದ್ದದ್ದು ಒಂದೇ ಗೋಡೆಯಾಚೆ. ಅವನು ಕೈಗಂಬಿ ಹಿಡಿದುಕೊಂಡು ಇಳಿದ, ಮಂಡಿ ಹೋದವನ ಹಾಗೆ.

ಮರುದಿನದಿಂದ ಅವನು ಬೆಳಿಗ್ಗೆ ಆ ವ್ಯಾನಿನ ಚಿತ್ರವನ್ನು ನೇರವಾಗಿ ತೆರೆದು ಕೂರುತ್ತಿದ್ದ. ರೇಡಿಯೋ ಮಾತಿಗೆ ತಪ್ಪಲಿಲ್ಲ. ತಿರುವು ಹತ್ತಿರವಾದಾಗ ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು, ಪಾಸ್‌ಪೋರ್ಟ್ ಫೋಟೋಕ್ಕೆ ಕೂತವನ ಹಾಗೆ ಮುಂದೆ ನೋಡುತ್ತ ಹೋಗುತ್ತಿದ್ದ. ಅವನಿಗೂ ಕಷ್ಟವಾಗುತ್ತಿತ್ತೆಂದು ಕಾಣುತ್ತದೆ, ಆ ಹೊತ್ತಿಗೆ ಹಾಡು ನಿಂತುಹೋಗುತ್ತಿತ್ತು. ಅವನಿಗೆ ಗುಟ್ಟಾಗಿ ಹೇಳಿಬಿಡಲೇ ಎಂದು ದೊರೆ ಎಷ್ಟು ಸಲ ಫೋನ್ ಕೈಗೆತ್ತಿಕೊಂಡ! ಹೇಳಿದರೆ ಸಂಜೆಯೊಳಗೆ ಇಡೀ ಡಿಪೋಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೂ, ಬೀಸು ಎಂದು ಹೇಳಿ ಅವನ ಅನ್ನಕ್ಕೆ ಕಲ್ಲು ಹಾಕುವುದು ಹೇಗೆ? ಅಲ್ಲದೆ ಆ ಮಗು.

ಕಿಟಕಿಯಲ್ಲಿ ಅಮ್ಮ ಮೊದಲ ದಿನ ಎಂದಿನಂತೆ ಕೈ ಬೀಸಿದಳು. ವ್ಯಾನು ಹೋದ ಮೇಲೂ ಕೈ ಇಳಿಸಿರಲಿಕ್ಕಿಲ್ಲ; ಕ್ಯಾಮೆರಾ ಅಷ್ಟನ್ನು ತೋರಿಸುವುದಿಲ್ಲ. ಮರುದಿನ ಸರಳು ಹಿಡಿದು ಎದ್ದು ನಿಂತು ಬೀಸಿದಳು. ನಿಲ್ಲಲು ಅವಳಿಗೆ ಎಷ್ಟು ಕಷ್ಟವೆಂದು ಅವನಿಗೆ ಗೊತ್ತು. ಇನ್ನೊಂದು ದಿನ ಶಾಲನ್ನೇ ಸರಳಿನ ಆಚೆ ಹಾಕಿ ಅಲ್ಲಾಡಿಸಿದಳು. ರೇಡಿಯೋ ಮುಂದೆ ನೋಡುತ್ತಲೇ ಹೋದ. "ಬಾಗಿ ನೋಡಮ್ಮ, ಅದು ನಾನಲ್ಲ," ಎಂದು ದೊರೆ ಬಾಯೊಳಗೇ ಅಂದುಕೊಂಡ. ಅವಳು ಬಾಗಿ ನೋಡಿದಳು ಕೂಡ. ಪೊರೆ ಬಂದ ಕಣ್ಣಿಗೆ ಕಂಡದ್ದು ಮುಖ ತಿರುಗಿಸದ ಮಗ.

ವಾರದ ಕೊನೆಯ ದಿನ ಮೇಡಂ ಟೀ ಲೋಟ ಹಿಡಿದು ಅವನ ಬೆನ್ನ ಹಿಂದೆ ಬಂದು ನಿಂತಿದ್ದರು. ದೊಡ್ಡ ಡಾಕ್ಟರು ಬಂದಿದ್ದಾರಂತೆ, ಮುಂದಿನ ತಿಂಗಳು ನೋಡುತ್ತಾರಂತೆ ಎಂದು ಏನೋ ಹೇಳುತ್ತಿದ್ದರು. ಪರದೆಯ ಮೇಲೆ ರಸ್ತೆ ಬಂತು, ತಿರುವು ಬಂತು, ಕಿಟಕಿ ಬಂತು. ಅಮ್ಮ ಎದ್ದು ನಿಂತೇ ಇದ್ದಳು. ಇವತ್ತು ಕೈ ಬೀಸಲಿಲ್ಲ. ವ್ಯಾನು ಹತ್ತಿರವಾಗುವುದನ್ನೇ ಕಾದಿದ್ದು, ಸರಳು ಬಿಟ್ಟು, ಎರಡೂ ಅಂಗೈ ಜೋಡಿಸಿ ಎದೆಯ ಮುಂದೆ ಹಿಡಿದು ಮಗನಿಗೆ ಕೈ ಮುಗಿದಳು. ಆಸರೆಯಿಲ್ಲದೆ ನಿಂತ ಮೈ ಸಣ್ಣಗೆ ತೂಗುತ್ತಿತ್ತು. ತುಟಿ ಏನೋ ಹೇಳುತ್ತಿತ್ತು.

"ನೋಡಿ, ಎಷ್ಟು ಚೆನ್ನಾಗಿ ಓಡಿಸ್ತಿದಾರೆ ಈಗ," ಎಂದರು ಮೇಡಂ.

ದೊರೆ ಕುರ್ಚಿಯಿಂದ ಅರ್ಧ ಎದ್ದ. ವ್ಯಾನು ಬಲಕ್ಕೆ ತಿರುಗಿತು. ಮುಗಿದ ಕೈಗಳು ಪರದೆಯ ಎಡ ಅಂಚಿನವರೆಗೆ ಸರಿದು ಹೊರಗೆ ಹೋದವು. ಆಮೇಲೆ ಉದ್ದಕ್ಕೂ ಗೋಡೆ, ಒಂದು ಮುಚ್ಚಿದ ಅಂಗಡಿ, ಖಾಲಿ ರಸ್ತೆ.